ವೇದಿಕೆ ಮುಂದೆ ಕೊಟ್ಟ ಹೊಲಿಗೆ ಮಷೀನು

ಕೊರೊನಾದ ಎರಡನೇ ಅಲೆ ಇಳಿದು, ಅಂಗಡಿಗಳು ಒಂದೊಂದಾಗಿ ಶಟರ್ ಎತ್ತುತ್ತಿದ್ದ ವರ್ಷ ಅದು. ಅಂಗಡಿಗಳೆಲ್ಲ ತೆರೆದರೂ ನಮ್ಮ ಗಾರ್ಮೆಂಟ್ಸ್ ಮಾತ್ರ ತೆರೆಯಲೇ ಇಲ್ಲ. ಯಶವಂತಪುರದ ಹತ್ತಿರವಿದ್ದ ಆ ಫ್ಯಾಕ್ಟರಿಯಲ್ಲಿ ಶರ್ಟುಗಳಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ವಾಚ್‌ಮನ್, "ಫೋನ್ ಮಾಡ್ತಾರಂತೆ, ಮನೇಗ್ ಹೋಗ್ರಮ್ಮ" ಅಂದ. ಆ ಫೋನು ಇವತ್ತಿನವರೆಗೂ ಬಂದಿಲ್ಲ.

ನಮ್ಮ ಯಜಮಾನರು ರಮೇಶ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದರು. ಕಾರು ಬೇರೆಯವರದ್ದು. ವಿಮಾನಗಳೇ ಹಾರದಿದ್ದಾಗ ಓನರ್ ಕಾರು ಮಾರಿಬಿಟ್ಟರು. ಹಾಗಾಗಿ ಯಲಹಂಕ ಹಳೇ ಊರಿನ ನಮ್ಮ ವಠಾರದ ಮನೆಯಲ್ಲಿ ದುಡಿಯುವ ಇಬ್ಬರೂ ಮನೆಯಲ್ಲೇ ಕೂತಿದ್ದೆವು. ಯಜಮಾನರು ಮಾರ್ಕೆಟ್‌ನಲ್ಲಿ ಮೂಟೆ ಇಳಿಸಲು ಹೋಗತೊಡಗಿದರು. ಬೀದಿಯ ಹೆಂಗಸರು "ಪದ್ಮ, ಒಂದು ಬ್ಲೌಸ್ ಹೊಲಿದುಕೊಡೆ" ಅಂತ ಬಟ್ಟೆ ತಂದು ಕೊಡುತ್ತಿದ್ದರು. ಆದರೆ ಮನೆಯಲ್ಲಿ ಮಷೀನೇ ಇರಲಿಲ್ಲ. ಮದುವೆಯಾದಾಗಿನಿಂದ ಫ್ಯಾಕ್ಟರಿ ಮಷೀನಿನ ಮೇಲೇ ಹೊಲಿದವಳು ನಾನು. ಕೈಯಲ್ಲಿ ಸೀರೆಗೆ ಫಾಲ್ ಹಾಕಿಕೊಡುತ್ತಿದ್ದೆ, ಅಷ್ಟೇ.

ಆ ಸಮಯದಲ್ಲಿ ನಮ್ಮ ಬೀದಿಗೆ ಲೋಕೇಶ ಅನ್ನುವವನು ಬಂದ. ನಮ್ಮ ಕಡೆ ಒಬ್ಬ ದೊಡ್ಡ ಮನುಷ್ಯರಿದ್ದಾರೆ, ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಹಳೇ ಊರಿನ ಜಮೀನ್ದಾರರು, ಈಗ ಲೇಔಟ್, ಅಪಾರ್ಟ್‌ಮೆಂಟು ಕಟ್ಟುತ್ತಾರೆ. ಹೆಸರು ಬರೆಯುವುದಿಲ್ಲ, ಅದೇ ಊರಲ್ಲಿ ನಾನಿನ್ನೂ ಬಾಳಬೇಕು. ಲೋಕೇಶ ಅವರ ಬಲಗೈ. "ಕಷ್ಟದಲ್ಲಿರೋ ಕುಟುಂಬಗಳಿಗೆ ಒಂದು ಕಂಪನಿಯವರು ಹೊಲಿಗೆ ಮಷೀನ್ ಕೊಡ್ತಿದಾರೆ. ಅಣ್ಣನ ಟ್ರಸ್ಟ್ ಮೂಲಕ ಹಂಚ್ತೀವಿ. ನಿಮ್ಮ ಮನೆ ನೋಡ್ಬೇಕು" ಅಂದ.

ಮನೆ ನೋಡುವುದು ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಅವನು ಚಪ್ಪಲಿ ಹಾಕಿಕೊಂಡೇ ಅಡುಗೆ ಮನೆಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದು ಇಣುಕಿದ. ಗೋಡೆ ಕಡೆ ನೋಡಿ, "ಟಿವಿ ಐತಲ್ಲ ಅಕ್ಕ?" ಅಂದ. ನನ್ನ ದೊಡ್ಡ ಮಗಳು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಅವಳ ಮುಂದೆ ನಾನು, "ಕೆಟ್ಟೋಗಿದೆ ಕಣಪ್ಪ" ಅಂತ ಹೇಳಬೇಕಾಯಿತು. ನಿಜವಾಗಿಯೂ ಕೆಟ್ಟಿತ್ತು. ಆದರೂ ಅವನು ಸ್ವಿಚ್ ಹಾಕಿ ನೋಡಿದ. ಹೊರಡುವಾಗ, "ಅಕ್ಕ, ಫಂಕ್ಷನ್ ದಿನ ಒಳ್ಳೇ ಸೀರೆ ಉಡ್ಬೇಡಿ. ಹಳೇದೇ ಉಟ್ಕೊಂಡ್ ಬನ್ನಿ. ಫೋಟೋದಲ್ಲಿ ಸರಿಯಾಗ್ ಬರ್ಬೇಕು" ಅಂದ. ಮೈಯೆಲ್ಲ ಉರಿಯಿತು. ಆದರೂ ತಲೆ ಆಡಿಸಿದೆ. ಮಷೀನು ಬೇಕಾಗಿತ್ತು.

ಫಂಕ್ಷನ್ ನಮ್ಮ ಮನೆಯಿಂದ ಸ್ವಲ್ಪ ದೂರದ ಮೈದಾನದಲ್ಲಿತ್ತು. ಶಾಮಿಯಾನ, ಅಣ್ಣನ ಮುಖವಿದ್ದ ದೊಡ್ಡ ಫ್ಲೆಕ್ಸು, ಜೋರಾಗಿ ಹಾಡು. ವೇದಿಕೆಯ ಮುಂದೆ ಸಾಲಾಗಿ ಹೊಸ ಹೊಲಿಗೆ ಮಷೀನುಗಳು. ಕಬ್ಬಿಣದ ಕಾಲು, ಮರದ ಹಲಗೆ, ಪ್ರತಿಯೊಂದಕ್ಕೂ ಕೆಂಪು ರಿಬ್ಬನ್, ಹಿಂದೆ ಒಂದೊಂದು ಸ್ಟೂಲು. ನನ್ನ ಪಕ್ಕದ ಸ್ಟೂಲಿನಲ್ಲಿ ಶಾಹೀನಾ ಅಂತ ಒಬ್ಬರು ಕೂತಿದ್ದರು. ಅವರು ಆರ್.ಟಿ. ನಗರದವರು. ಕೊರೊನಾದಲ್ಲಿ ಗಂಡ ಹೋದ ಮೇಲೆ ಬಾಡಿಗೆ ಮನೆ ಬಿಟ್ಟು, ನಮ್ಮ ಹಿಂದಿನ ಬೀದಿಯ ತಂಗಿ ಮನೆಗೆ ಬಂದು ಸೇರಿಕೊಂಡಿದ್ದರು. ಮಾತು ಕಡಿಮೆ. ಮಷೀನಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ, "ಚೆನ್ನಾಗಿದೆ ಅಲ್ವಾ" ಅಂತ ನನ್ನ ಕಡೆ ನೋಡಿದರು. ಅವರ ಬಾಯಿಂದ ನಾನು ಕೇಳಿದ ಮೊದಲ ಮಾತೇ ಅದು.

ಕಂಪನಿ ಕಡೆಯಿಂದ ಒಬ್ಬರು ಮೇಡಂ ಬಂದಿದ್ದರು. ಇಂಗ್ಲಿಷಿನಲ್ಲಿ ಮಾತಾಡಿದರು. ಆಮೇಲೆ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕರೆದರು. "ಶ್ರೀಮತಿ ಪದ್ಮ ಅವರ ಬಾಳಿಗೆ ಇಂದಿನಿಂದ ಹೊಸ ಬೆಳಕು" ಅಂದರು. ಅಣ್ಣ ಬಂದು ರಿಬ್ಬನ್ ಕತ್ತರಿಸಿ, ನನ್ನ ಕೈಯನ್ನು ಮಷೀನಿನ ಮೇಲಿಟ್ಟು, ಕ್ಯಾಮೆರಾ ಕಡೆ ನಕ್ಕರು. ಸುಳ್ಳು ಯಾಕೆ ಹೇಳಲಿ, ನನಗೂ ಕಣ್ಣಲ್ಲಿ ನೀರು ಬಂತು. ಕೈ ಮುಗಿದೆ.

ಮೇಡಂ ಕಾರು ಗೇಟು ದಾಟಿತು. ಅದರ ಹಿಂದೆಯೇ ಅಣ್ಣನ ಕಾರು. ಆಮೇಲೆ ಲೋಕೇಶ ಮೈಕ್ ಹಿಡಿದು, "ಅಮ್ಮಂದಿರೇ, ಎಲ್ರೂ ಊಟಕ್ಕೆ ಬನ್ನಿ. ಮಷೀನ್ ಇಲ್ಲೇ ಇರ್ಲಿ, ಮನೇಗೇ ಕಳಿಸ್ತೀವಿ" ಅಂದ. ಹೆಂಗಸರು ಎದ್ದರು. ನಾನೂ ಏಳುತ್ತಿದ್ದೆ. ಅಷ್ಟರಲ್ಲಿ ಮೈದಾನದೊಳಗೆ ಒಂದು ಟೆಂಪೋ ಹಿಮ್ಮುಖವಾಗಿ ಬಂತು. ಅದರ ಹಿಂಬಾಗಿಲು ತೆಗೆದರೆ ಒಳಗೆ ಮತ್ತೊಂದು ಫ್ಲೆಕ್ಸು ಸುತ್ತಿಟ್ಟಿತ್ತು. ಇಬ್ಬರು ಹುಡುಗರು ಸಾಲಿನ ಮೊದಲ ಮಷೀನಿಗೆ ಕತ್ತರಿಸಿದ್ದ ರಿಬ್ಬನ್ ಬಿಚ್ಚಿ ಹೊಸ ರಿಬ್ಬನ್ ಕಟ್ಟತೊಡಗಿದರು.

"ಯಾಕಪ್ಪ, ಹೊಸ ರಿಬ್ಬನ್?" ಅಂದೆ.

"ನಾಳೆ ಚಿಕ್ಕಜಾಲದಲ್ಲಿ ಪ್ರೋಗ್ರಾಂ ಐತಲ್ಲ ಅಕ್ಕ" ಅಂದ ಒಬ್ಬ. ಪಾಪ, ಅವನಿಗೆ ಮುಚ್ಚಿಡಬೇಕು ಅಂತಲೂ ಹೊಳೆದಿರಲಿಲ್ಲ.

ನಾನು ಮತ್ತೆ ಸ್ಟೂಲ್ ಮೇಲೆ ಕೂತೆ. ಏನು ಮಾಡಬೇಕು ಅಂತ ಯೋಚಿಸಿ ಕೂತದ್ದಲ್ಲ. ಕಾಲು ಮುಂದೆ ಹೋಗಲಿಲ್ಲ. ಸೆರಗಿನ ತುದಿಯನ್ನು ಮಷೀನಿನ ಕಬ್ಬಿಣದ ಕಾಲಿಗೆ ಸುತ್ತಿ ಗಂಟು ಹಾಕಿದೆ. ಅದನ್ನು ನೋಡಿದ ಶಾಹೀನಾ ಅರ್ಧ ಎದ್ದವರು ಮತ್ತೆ ಕೂತರು.

ಲೋಕೇಶ ಓಡಿ ಬಂದ. "ಏನಕ್ಕ, ಊಟಕ್ಕೆ ಏಳಿ."

"ಇದು ನನ್ನ ಮಷೀನು. ಇದ್ರ ಜೊತೆಗೇ ಏಳ್ತೀನಿ."

"ಅಯ್ಯೋ ಅಕ್ಕ, ಇವು ಡೆಮೋ ಪೀಸು. ನಿಮ್ದು ಗೋಡೌನಲ್ಲಿದೆ. ಮುಂದಿನ ವಾರ ಫೋನ್ ಮಾಡ್ತೀವಿ."

ಫೋನ್ ಮಾಡ್ತೀವಿ ಅಂದ ತಕ್ಷಣ ಫ್ಯಾಕ್ಟರಿ ಗೇಟು ಕಣ್ಣ ಮುಂದೆ ಬಂತು. "ಮೈಕಲ್ಲಿ ಡೆಮೋ ಅಂತ ಹೇಳ್ಲಿಲ್ವಲ್ಲ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುವಷ್ಟು ಗಟ್ಟಿಯಾಗಿತ್ತು. ಊಟದ ಸಾಲಿನಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಅವರಲ್ಲಿ ಕೆಲವರನ್ನು ಹೆಸರು ಹಿಡಿದು ಕರೆದೆ. ಒಬ್ಬರು ತಟ್ಟೆ ಹಿಡಿದುಕೊಂಡೇ, "ಸುಮ್ನಿರು ಪದ್ಮ, ಕೊಡ್ತಾರಂತಲ್ಲ" ಅಂದರು. ಅವರ ಮೇಲೆ ನನಗೆ ಕೋಪವಿಲ್ಲ. ಹಸಿದಿದ್ದರು. ಆದರೆ ಊಟದ ಸಮಯಕ್ಕೇ ಸರಿಯಾಗಿ ಟೆಂಪೋ ತರಿಸಿದವನ ಮೇಲೆ ಇವತ್ತಿಗೂ ಕೋಪವಿದೆ.

ಒಂದೊಂದೇ ಮಷೀನು ಟೆಂಪೋ ಏರಿತು. ಶಾಮಿಯಾನದವರು ಬಟ್ಟೆ ಬಿಚ್ಚಿದರು, ಕಂಬ ಕಿತ್ತರು. ಬಿಸಿಲು ನೇರವಾಗಿ ತಲೆಗೆ ಬಡಿಯಿತು. ಖಾಲಿ ಮೈದಾನದಲ್ಲಿ ನಾವಿಬ್ಬರು ಹೆಂಗಸರು, ಎರಡು ಮಷೀನು. ಶಾಹೀನಾ ತುಟಿ ಅಲುಗಿಸುತ್ತಾ ಏನೋ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದರು.

ಲೋಕೇಶ ನನ್ನ ಕಿವಿಯ ಹತ್ತಿರ ಬಗ್ಗಿದ. ಈ ಸಲ ದನಿ ಮೆತ್ತಗಿತ್ತು. "ಅಕ್ಕ, ಆಯ್ತು. ನೀವೊಬ್ರು ತಗೊಂಡೋಗಿ. ಆಯಮ್ಮನ್ನ ಎಬ್ಬಿಸಿ ಕಳಿಸ್ಬಿಡಿ. ನೀವು ನಮ್ಮೋರು."

ಅಲ್ಲಿಯವರೆಗೆ ನನಗಿದ್ದದ್ದು ಹೊಟ್ಟೆಯ ಸಂಕಟ. ಆ ಮಾತು ಕೇಳಿದ ಮೇಲೆ ಹುಟ್ಟಿದ್ದು ಬೇರೆಯೇ. ನನ್ನ ಅಕ್ಕಿ ಡಬ್ಬ ಇಣುಕಿ ನೋಡುವಾಗ ನಾನು ಇವನಿಗೆ 'ನಮ್ಮೋರು' ಆಗಿರಲಿಲ್ಲ. ಹಳೇ ಸೀರೆ ಉಟ್ಟು ಬಾ ಅಂದಾಗಲೂ ಆಗಿರಲಿಲ್ಲ. ಗಂಡ ಸತ್ತ ಹೆಂಗಸನ್ನು ಬಿಸಿಲಿಂದ ಎಬ್ಬಿಸಿ ಓಡಿಸಲು ಮಾತ್ರ ನಾನು ಇವನಿಗೆ 'ನಮ್ಮೋರು'.

"ನಾನು ಯಾರೋಳೂ ಅಲ್ಲ. ಎರಡು ಮಷೀನು, ಇಬ್ರು ಹೆಂಗಸರು. ದೂರ ನಿಂತ್ಕೋ" ಅಂದೆ.

ಅವನು ಪೊಲೀಸರನ್ನು ಕರೆಸಿದ. ಒಬ್ಬರು ಮಹಿಳಾ ಪೇದೆ ಬಂದರು. ನನ್ನ ವಯಸ್ಸಿನವರೇ. "ಏನಮ್ಮ, ಬೇರೆಯವ್ರ ವಸ್ತು ಹಿಡ್ಕೊಂಡ್ ಕೂತಿದೀರಂತೆ?" ಅಂದರು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವಳಲ್ಲ ನಾನು. ಯಜಮಾನರಿಗೆ ಏನು ಹೇಳಲಿ, ಮಕ್ಕಳು ಶಾಲೆಯಲ್ಲಿ ಏನು ಕೇಳಿಸಿಕೊಳ್ಳಬೇಕೋ ಅಂತೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡಿತು.

"ಮೇಡಂ, ಇವ್ರು ಇಡೀ ಊರ ಮುಂದೆ ನನ್ ಹೆಸರು ಕರೆದು ಇದನ್ನ ಕೊಟ್ಟಿದಾರೆ. ಕೊಟ್ಟಿಲ್ಲ, ಸುಮ್ನೆ ಫೋಟೋಗೆ ಕೂರಿಸಿದ್ವಿ ಅಂತ ಬರ್ದು ಸಹಿ ಹಾಕಿ ಕೊಡ್ಲಿ. ಈಗ್ಲೇ ಎದ್ ಹೋಗ್ತೀನಿ" ಅಂದೆ.

ಅವರು ನನ್ನ ಸೆರಗಿನ ಗಂಟನ್ನು ನೋಡಿದರು. ಶಾಹೀನಾ ಮುಖ ನೋಡಿದರು. ಆಮೇಲೆ ಲೋಕೇಶನ ಕಡೆ ತಿರುಗಿ, "ಬರ್ಕೊಡ್ತೀರೇನ್ರೀ?" ಅಂದರು.

ಲೋಕೇಶ ದೂರ ಹೋಗಿ ಅಣ್ಣನಿಗೆ ಫೋನ್ ಮಾಡಿದ. ಬಹಳ ಹೊತ್ತು "ಹೂಂ ಅಣ್ಣ, ಹೂಂ ಅಣ್ಣ" ಅನ್ನುತ್ತಿದ್ದ. ವಾಪಸ್ ಬಂದು ನಮ್ಮ ಮುಖ ನೋಡದೆ, "ತಗೊಂಡ್ ಸಾಯ್ರಿ" ಅಂದ. ಶಾಮಿಯಾನದವರೇ ಒಂದು ಗೂಡ್ಸ್ ಆಟೋ ನಿಲ್ಲಿಸಿ, ಎರಡೂ ಮಷೀನು ಎತ್ತಿ ಇಟ್ಟುಕೊಟ್ಟರು. ಮನೆಗೆ ಬಂದು ಇಳಿಸಿದಾಗ ಯಜಮಾನರು, "ಇಷ್ಟೊತ್ತು ಯಾಕಾಯ್ತು?" ಅಂತ ಕೇಳಿದರು. ಆಗ ಅಳು ಬಂತು ನೋಡಿ, ಬಾಗಿಲಲ್ಲೇ ಕೂತು ಅತ್ತುಬಿಟ್ಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಮಾರನೇ ದಿನ ಬೆಳಗ್ಗೆ ಶಾಹೀನಾ ನಮ್ಮ ಮನೆ ಬಾಗಿಲಿಗೆ ಬಂದರು. "ಚಿಕ್ಕಜಾಲದೋರಿಗೆ ಹೇಳ್ಬೇಕಲ್ವಾ?" ಅಂದರು. ರಾತ್ರಿಯಿಡೀ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಇಬ್ಬರೂ ಬಸ್ಸು ಹತ್ತಿ ಹೋದೆವು. ಅಲ್ಲೂ ಅದೇ ಶಾಮಿಯಾನ, ಅದೇ ಹಾಡು. ಗೇಟಿನ ಹೊರಗೆ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರೂ ಹಳೇ ಸೀರೆಯಲ್ಲೇ ಬಂದಿದ್ದರು. ನಾನು ಸಾಲಿನ ಪಕ್ಕ ನಡೆಯುತ್ತಾ ನಡೆದದ್ದನ್ನೆಲ್ಲ ಹೇಳಿದೆ. "ಕೈಗೆ ಕೊಟ್ಟ ಮೇಲೆ ಬಿಡ್ಬೇಡಿ, ಎಲ್ರೂ ಒಟ್ಟಿಗೆ ಕೂತ್ಕೊಳ್ಳಿ" ಅಂದೆ.

ಗೌರಮ್ಮ ಅಂತ ಒಬ್ಬಾಕೆ, ಹೂವಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದವರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗ್ ಸಿಕ್ತಾ?"

"ಸಿಕ್ತು."

"ಮತ್ತೆ ನಮ್ದ್ಯಾಕ್ ಕೆಡ್ಸಕ್ ಬಂದೆ? ಇಂಗೆಲ್ಲ ಗಲಾಟೆ ಮಾಡುದ್ರೆ ಅವ್ರಿಗೆ ಕ್ವಾಪ ಬತ್ತದೆ. ಓಗು ಓಗು."

ಫಂಕ್ಷನ್ ಶುರುವಾಯಿತು. ಲೋಕೇಶ ನಮ್ಮನ್ನು ನೋಡಿದರೂ ತಡೆಯಲು ಬರಲಿಲ್ಲ. ತಡೆಯುವ ಅಗತ್ಯವೇ ಅವನಿಗಿರಲಿಲ್ಲ. ಈ ಸಲ ಮಷೀನುಗಳನ್ನೆಲ್ಲ ವೇದಿಕೆಯ ಮೇಲೆ, ಹಗ್ಗದ ಹಿಂದೆ ಇಟ್ಟಿದ್ದರು. ಸ್ಟೂಲುಗಳೇ ಇರಲಿಲ್ಲ. ಹೆಸರು ಕರೆದಾಗ ಒಬ್ಬೊಬ್ಬರೇ ಹೋಗಿ, ಮಷೀನಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಒಂದು ಶಾಲು ಹಿಡಿದು ಇನ್ನೊಂದು ಕಡೆಯಿಂದ ಇಳಿಯಬೇಕು. ಮೆಟ್ಟಿಲ ಹತ್ತಿರ ದಪ್ಪ ದಪ್ಪ ಗಂಡಸರು. ಕಾರುಗಳು ಹೋದವು, ಟೆಂಪೋ ಬಂತು, ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಟೆಂಪೋ ಹೋದ ಮೇಲೆ ಗೌರಮ್ಮ ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ಬಂದು ನಿಂತರು. ಕೂಗಾಡಲಿಲ್ಲ. "ನಿನ್ನೆ ನೀನು ಕೂತ್ಕೊಂಡಿಲ್ದಿದ್ರೆ ಇವತ್ತು ನಾನಾದ್ರೂ ಕೂತ್ಕೋತಿದ್ನೇನೋ" ಅಂದು ಹೊರಟುಹೋದರು. ಶಾಹೀನಾ ನನ್ನ ಕೈ ಹಿಡಿದುಕೊಂಡರು.

ಕಂಪನಿಯವರು ಎಷ್ಟು ಮಷೀನಿಗೆ ಹಣ ಕೊಟ್ಟಿದ್ದರೋ, ಉಳಿದವು ಎಲ್ಲಿಗೆ ಹೋದವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ನನ್ನ ಜೊತೆ ಸಾಲಿನಲ್ಲಿ ಕೂತಿದ್ದ ನಮ್ಮ ಬೀದಿಯ ಹೆಂಗಸರಿಗೆ ಯಾವ ಫೋನೂ ಬರಲಿಲ್ಲ, ಇಷ್ಟು ಮಾತ್ರ ಗೊತ್ತು. ಆ ಇಂಗ್ಲಿಷ್ ಮೇಡಂ ಮೇಲೂ ನನಗೆ ಸಿಟ್ಟಿದೆ. ಒಳ್ಳೆಯವರೇ ಇರಬಹುದು. ಆದರೆ ಕೊಟ್ಟದ್ದು ಮನೆ ಸೇರಿತೇ ಅಂತ ನೋಡಲು ಇನ್ನೊಂದು ಸ್ವಲ್ಪ ಹೊತ್ತು ನಿಲ್ಲಬಾರದಿತ್ತೇ?

ಈಗ ನಾನೂ ಶಾಹೀನಾ ಸೇರಿ ಹೊಲಿಯುತ್ತೇವೆ. ನಾನು ಬ್ಲೌಸು, ಅವರು ಚೂಡಿದಾರ, ಕೈಕಸೂತಿ. ನಮ್ಮ ಬೀದಿಯಲ್ಲಿ ಕೆಲಸ ಕಳೆದುಕೊಂಡ ಹೆಂಗಸರು ಮಧ್ಯಾಹ್ನ ಬಂದು ನಮ್ಮ ಮಷೀನಿನಲ್ಲೇ ತಮ್ಮ ಬಟ್ಟೆ ಹೊಲಿದುಕೊಂಡು ಹೋಗುತ್ತಾರೆ. ಯಾರ ಅಕ್ಕಿ ಡಬ್ಬವನ್ನೂ ನಾವು ತೆಗೆದು ನೋಡಿಲ್ಲ. ಹೋದ ವರ್ಷ ಲೋಕೇಶ ಮತ್ತೆ ಬಂದಿದ್ದ. "ಅಕ್ಕ, ನಮ್ಮ ಮಷೀನಿಂದ ನೀವು ಮೇಲೆ ಬಂದಿದೀರ. ಅಣ್ಣನ ಹುಟ್ಟುಹಬ್ಬಕ್ಕೆ ಬಂದು ನಾಲ್ಕು ಮಾತಾಡ್ಬೇಕು" ಅಂದ. "ಬರ್ತೀನಿ. ಮೈಕ್ ನನ್ ಕೈಗೇ ಕೊಡ್ಬೇಕು" ಅಂದೆ. ನಾನು ಕೊಟ್ಟ ನೀರು ಕುಡಿದು ಹೋದವನು ಮತ್ತೆ ಬರಲಿಲ್ಲ.

ಶಾಹೀನಾ ಜೊತೆ ಎರಡು ಸಲ ಚಿಕ್ಕಜಾಲಕ್ಕೆ ಹೋಗಿ ಗೌರಮ್ಮನನ್ನು ಹುಡುಕಿದೆ. ಬಂದು ನಮ್ಮ ಮಷೀನಿನಲ್ಲಿ ಕಲಿಯಲಿ ಅಂತ. ಹೂವಿನ ತೋಟವನ್ನು ಸೈಟು ಮಾಡಲು ಕೊಟ್ಟಾಯಿತು, ಕೂಲಿಯವರು ಎಲ್ಲಿ ಹೋದರೋ ಅಂದರು ಅಲ್ಲಿಯವರು. ಗೌರಮ್ಮ ಆಡಿದ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಆದರೆ ನಾನು ಕೂತದ್ದು ತಪ್ಪು ಅಂತ ಒಂದು ದಿನವೂ ಅನ್ನಿಸಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ: ಗೌರಮ್ಮನಿಗೆ ಮೋಸ ಮಾಡಿದವರು ಗಾಜು ಏರಿಸಿಕೊಂಡು ಕಾರಿನಲ್ಲಿ ಹೋಗಿದ್ದರು, ಆಕೆ ಬೈಯಬೇಕೆಂದರೆ ಆ ಮೈದಾನದಲ್ಲಿ ಸಿಕ್ಕವಳು ನಾನೊಬ್ಬಳೇ.