ಹವಾಲ್ದಾರ ಹುಲಗಪ್ಪನವರ ಬಲಗೈ

ಮಾಳಮಡ್ಡಿಯ ಇಳಿಜಾರಿನ ಕೊನೆಗೆ ‘ಮಾಜಿ ಸಿಪಾಯಿಗಳ ಸಂಘ’ ಎಂಬ ಹಲಗೆ ಇನ್ನೂ ತೂಗುತ್ತಿದೆ. ಅಧ್ಯಕ್ಷರ ಹೆಸರಿದ್ದಲ್ಲಿ ಸುಣ್ಣ ಬಳಿದಿದ್ದಾರೆ. ಸುಣ್ಣ ಈಗ ತೆಳ್ಳಗಾಗಿದೆ. ಮಧ್ಯಾಹ್ನದ ಬಿಸಿಲಿಗೆ ನಿಂತು ನೋಡಿದರೆ ಹೆಸರು ಓದಬಹುದು: ಹವಾಲ್ದಾರ ಹುಲಗಪ್ಪ. ಹೋದ ತಿಂಗಳು ಅವರು ತೀರಿಕೊಂಡಾಗ ಸಂಘದವರು ಎರಡು ನಿಮಿಷ ಮೌನ ಆಚರಿಸಿದರಂತೆ. ಅದಕ್ಕೂ ಮೊದಲು ಅವರ ವಿಷಯದಲ್ಲಿ ಹದಿಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮಂದಿಗೆ ಎರಡು ನಿಮಿಷ ಏನು ಮಹಾ? ಅವರು ಹೇಳದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹುಲಗಪ್ಪನವರು ಆ ಇಳಿಜಾರಿನಿಂದಲೂ ಕೆಳಗೆ, ಊರು ಮುಟ್ಟಿಸಿಕೊಳ್ಳದವರ ಕೇರಿಯಲ್ಲಿ ಹುಟ್ಟಿದವರು. ಆರಡಿ ಆಳು. ಮೊದಲನೆಯ ಮಹಾಯುದ್ಧದಲ್ಲಿ ಸರಕಾರಕ್ಕೆ ಸಾಯುವ ಮಂದಿ ಕಡಿಮೆ ಬಿದ್ದಾಗ, ಜಾತಿ ಕೇಳುವುದನ್ನು ಅದು ಕೆಲವು ದಿನ ಮರೆತಿತ್ತು. ಆಗ ಪಲ್ಟಣಕ್ಕೆ ಸೇರಿ ಹವಾಲ್ದಾರರಾದರು. ಬಸ್ರಾದ ಆಚೆ, ಟೈಗ್ರಿಸ್ ನದಿಯ ದಂಡೆಯಲ್ಲಿ ಪಲ್ಟಣಕ್ಕೆ ಕುಡಿಯುವ ನೀರು ತುಂಬುವಾಗ ತೋಪಿನ ಗುಂಡು ಸಿಡಿದು ಬಲಗೈ ಭುಜದಿಂದ ಒಂದು ಗೇಣು ಬಿಟ್ಟು ಹಾರಿಹೋಯಿತು. ಅವರು ತುಂಬಿದ ನೀರನ್ನು ಮರಾಠರು, ಮುಸಲ್ಮಾನರು, ಬ್ರಾಹ್ಮಣರು, ಬಿಳಿಯರು ಎಲ್ಲರೂ ಕುಡಿದರು. ಆ ನೀರಿನಿಂದ ಯಾರ ಜಾತಿಯೂ ಕೆಡಲಿಲ್ಲ.

“ಕೈ ಎಲ್ಲಿ ಬಿಟ್ಟು ಬಂದ್ರಿ ಹವಾಲ್ದಾರ್ರ?” ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ.

“ಅಲ್ಲೇ ಐತಿ. ನದಿ ದಂಡಿಗೆ ನೀರು ತುಂಬಾಕತ್ತೈತಿ. ನಮ್ಮ ಕೇರಿಗೊಂದು ನಳ ಬಂತಂದ್ರ ವಾಪಸ್ ಕರಸ್ತೇನಿ.”

ಕೇಳಿದವರು ನಗುತ್ತಿದ್ದರು. ನಗುವ ಮಾತಲ್ಲ. ಆ ಕೇರಿಯ ಹೆಂಗಸರು ಬಾವಿಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು, ಮೇಲಿನವರು ಯಾರಾದರೂ ಕನಿಕರ ಬಂದು ನೀರು ಹೊಯ್ಯುವವರೆಗೆ ಕೂತಿರಬೇಕು. ಹವಾಲ್ದಾರರ ಹೆಂಡತಿ ಮುದಕವ್ವ ಬೆಳಕು ಹರಿಯುವಾಗ ಹೋದರೆ ಎಷ್ಟೋ ಸಲ ಹತ್ತು ಹೊಡೆದಾಗ ಬರುತ್ತಿದ್ದಳು. ಕನಿಕರಕ್ಕೂ ಒಂದು ವೇಳೆ ಇರುತ್ತದೆ ನೋಡಿ, ಪೂಜೆ ಮುಗಿದು ಫಳಾರ ಆದ ಮೇಲೆ ಬರುತ್ತದೆ.

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಸಂಘದ ಅಧ್ಯಕ್ಷರಾಗಿದ್ದ ಮುದಿ ಸುಬೇದಾರರು ತೀರಿಕೊಂಡರು. ಪುಣೆಯಿಂದ ಹುಕುಂ ಬಂತು: ಉಳಿದವರಲ್ಲಿ ದರ್ಜೆಯಿಂದ ಯಾರು ದೊಡ್ಡವರೋ ಅವರೇ ಅಧ್ಯಕ್ಷರು, ಇಲ್ಲದಿದ್ದರೆ ಸಂಘಕ್ಕೆ ಕೊಟ್ಟ ಕಟ್ಟಡ ವಾಪಸು. ಇಪ್ಪತ್ತೆರಡು ಮಂದಿ ಸದಸ್ಯರಲ್ಲಿ ಹವಾಲ್ದಾರ ಒಬ್ಬರೇ, ಉಳಿದವರೆಲ್ಲ ಅದಕ್ಕಿಂತ ಕೆಳಗಿನ ದರ್ಜೆ. ಕಟ್ಟಡ ಉಳಿಯಬೇಕಾದರೆ ಹುಲಗಪ್ಪನವರು ಬೇಕು, ಹುಲಗಪ್ಪನವರು ಕಟ್ಟಡದೊಳಗೆ ಬರಬಾರದು.

ಈ ಒಗಟನ್ನು ಬಿಡಿಸಿದವರು ಕಾರ್ಯದರ್ಶಿ ಪಂಢರಿನಾಥರಾಯರು. ಇವರು ಬಸ್ರಾದ ಸಾಮಾನು ಕೋಠಿಯಲ್ಲಿ ಗುಮಾಸ್ತರಾಗಿದ್ದವರು. ಬಿಸ್ಕತ್ತಿನ ಡಬ್ಬಿ ಬಿದ್ದ ಸಪ್ಪಳದ ಹೊರತು ಯುದ್ಧದ ಸಪ್ಪಳ ಕೇಳಿದವರಲ್ಲ. ಅವರು ಅಧ್ಯಕ್ಷರ ಕುರ್ಚಿಯನ್ನು ಎತ್ತಿಸಿ ಹೊರಗೆ, ಕಿಟಕಿಯ ಕೆಳಗೆ ಹಾಕಿಸಿದರು. ಸಭೆ ಒಳಗೆ, ಅಧ್ಯಕ್ಷರು ಅಂಗಳದಲ್ಲಿ. ಠರಾವು ಓದಿದಾಗ ಹೊರಗಿನಿಂದ “ಹೂಂ” ಅನ್ನಬೇಕು. ದಫ್ತರದಲ್ಲಿ ರಾಯರು ‘ಮಾನ್ಯ ಅಧ್ಯಕ್ಷ ಮಹಾಶಯರ ಅಪ್ಪಣೆಯ ಮೇರೆಗೆ’ ಎಂದು ಬರೆಯುತ್ತಿದ್ದರು. ಬರೆಯುತ್ತಲೇ ಕಿಟಕಿಗೆ ಮುಖ ಹಾಕಿ ಒದರುತ್ತಿದ್ದರು:

“ಏ ಹುಲಗ್ಯಾ, ಆಚೀಕ ಸರದು ಕೂಡು! ನಿನ್ನ ನೆರಳು ಒಳಗ ಬೀಳಲಿಕ್ಕತ್ತದ!”

ಹವಾಲ್ದಾರರು ಸಹಿ ಹಾಕುತ್ತಿರಲಿಲ್ಲ, ಎಡಗೈ ಹೆಬ್ಬೆಟ್ಟು ಒತ್ತುತ್ತಿದ್ದರು. ಮಾಳಮಡ್ಡಿಯ ಸಂಘಕ್ಕೆ ಹೆಬ್ಬೆಟ್ಟು ಶೋಭಿಸುವುದಿಲ್ಲವೆಂದು ರಾಯರೇ ಇಂಗ್ಲಿಷಿನಲ್ಲಿ, ಕೆಳಗೆ ಎರಡು ಸುರುಳಿ ಎಳೆದು, ಅವರ ಸಹಿ ಮಾಡತೊಡಗಿದರು. ವರ್ಷಕ್ಕೊಮ್ಮೆ ತುಂಬುವ ಕಾಗದದಲ್ಲಿ ‘ಅಧ್ಯಕ್ಷರ ಅಂಗಾಂಗಗಳು ಸರಿಯಾಗಿವೆಯೇ?’ ಎಂಬ ಪ್ರಶ್ನೆಯಿತ್ತು. ‘ಎಲ್ಲಾ ಇವೆ’ ಎಂದು ಬರೆದರು. ಪುಣೆಯಲ್ಲಿ ಪೆನ್ಶನ್ ಕಚೇರಿಗೆ ಈ ಮನುಷ್ಯನಿಗೆ ಕೈ ಇಲ್ಲವೆಂದು ಗೊತ್ತು, ಅದರ ಪಕ್ಕದಲ್ಲೇ ಇದ್ದ, ಸಂಘಗಳನ್ನು ನೋಡಿಕೊಳ್ಳುವ ಕಚೇರಿಗೆ ಕೈ ಇದೆಯೆಂದು ಗೊತ್ತು. ನಡುವೆ ಒಂದು ಗೋಡೆ. ಹೀಗೆ ಮೂರು ವರ್ಷ ನಡೆಯಿತು.

ಮೂವತ್ನಾಲ್ಕರ ಮಾರ್ಚಿನಲ್ಲಿ ಪುಣೆಯ ಸಂಘಗಳ ಕಚೇರಿಯಿಂದ ಅಲ್ಲಿನ ಮೇಜರ್ ಸಾಹೇಬನ ಕಾಗದ ಬಂತು. ಏಪ್ರಿಲ್ ಹತ್ತಕ್ಕೆ ತಪಾಸಣೆ. ಸಂಘಕ್ಕೆ ಸಿಪಾಯಿಗಳ ನಿಧಿಯಿಂದ ಒಂದು ನೀರಿನ ನಳ ಮಂಜೂರಾಗಿದೆ, ಅಧ್ಯಕ್ಷರು ಜಾಗ ತೋರಿಸಲಿ, ಗುರುತಿನ ಗೂಟವನ್ನು ನಾನೇ ಹೊಡೆಯುತ್ತೇನೆ. ಕೊನೆಗೆ ಒಂದು ಸಾಲು: ಅಧ್ಯಕ್ಷರ ಸಹಿ ಬಹಳ ಚಂದ, ಅವರು ಹಾಕುವುದನ್ನು ಕಣ್ಣಾರೆ ನೋಡಬೇಕೆಂದಿದ್ದೇನೆ.

ಓದಿ ರಾಯರ ಮುಖ ಬಾಡಿದ ಬದನೆಕಾಯಿಯಾಯಿತು. ಹೊರಗೆ ಹವಾಲ್ದಾರರಿಗೆ ಒಂದೇ ಮಾತು ಕೇಳಿಸಿತ್ತು.

“ನಳ ಅಂತ ಓದಿದ್ರೇನ್ರಿ ರಾಯರ? ನಳ ಅಂದ್ರ್ಯಾ?”

“ನಳ ಇರಲಿ, ಕೈ ಎಲ್ಲಿಂದ ತರೋಣ? ಸಲಾಮು ಬಲಗೈಲೇ ಆಗಬೇಕು. ಸಹೀನೂ ಆಗಬೇಕು.”

“ಸಹಿ ಮಾಡೋ ಕೈ ಐತೆಲ್ರಿ,” ಎಂದ ಶಾಬುದ್ದೀನ. ಇವನು ಪಲ್ಟಣದ ದರ್ಜಿಯಾಗಿದ್ದವ, ಈಗ ಪೇಟೆಯಲ್ಲಿ ಪೈಜಾಮ ಹೊಲಿಯುವವ. ಈ ಕಥೆಯ ಬಹುಪಾಲು ಅವನೇ ಹೇಳಿದ್ದು. “ನಿಮ್ಮ ಭುಜಕ್ಕ ಐತಿ. ಹವಾಲ್ದಾರ್ರ ದೊಡ್ಡ ಕೋಟ್ನ್ಯಾಗ ಹಿಂದಿಂದ ಹೊಕ್ಕು ತೋಳಿನ್ಯಾಗ ಕೈ ಹಾಕ್ರಿ. ಅವರು ಎತ್ತರ, ನೀವು ಗಿಡ್ಡ. ಯಾರಿಗೆ ಕಾಣತೈತಿ?”

ಸಭೆ ನಗಲಿಲ್ಲ. ನಕ್ಕಿದ್ದರೆ ಆ ಸಂಘದ ಮೇಲೆ ನನಗೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಅವರು ಅರ್ಧ ತಾಸು ಚರ್ಚೆ ಮಾಡಿದರು. ಚರ್ಚೆ ಇಬ್ಬರು ಒಂದು ಕೋಟಿನಲ್ಲಿ ಹಿಡಿಯುತ್ತಾರೋ ಇಲ್ಲವೋ ಎಂಬುದರ ಮೇಲಲ್ಲ, ಮೈಲಿಗೆಯ ಮೇಲೆ. ಕಡೆಗೆ ರಾಯರೇ ಶಾಸ್ತ್ರ ಹೇಳಿದರು: ಉಣ್ಣೆಗೆ ಮೈಲಿಗೆಯಿಲ್ಲ. ಕೋಟು ಉಣ್ಣೆಯದು. ನಡುವೆ ಒಂದು ಕಂಬಳಿಯ ಗೋಡೆ ಹೊಲಿಸಿದರೆ ಅಧ್ಯಕ್ಷರು ಅಧ್ಯಕ್ಷರ ಕಡೆ, ಕಾರ್ಯದರ್ಶಿ ಕಾರ್ಯದರ್ಶಿಯ ಕಡೆ. ಹವಾಲ್ದಾರರು ಹೊಸ್ತಿಲ ಹೊರಗೆ ನಿಲ್ಲುವುದು, ರಾಯರು ಹೊಸ್ತಿಲ ಒಳಗೆ, ಹಿಂದೆ ಪರದೆ. ಕಟ್ಟಡವೂ ಕೆಡುವುದಿಲ್ಲ. ಠರಾವು ಸರ್ವಾನುಮತದಿಂದ ಪಾಸಾಯಿತು.

ಹವಾಲ್ದಾರರು ಕಿಟಕಿಯ ಹೊರಗಿಂದ “ಹೂಂ” ಅನ್ನಲಿಲ್ಲ.

“ನಳ ಎಲ್ಲಿ ಹಾಕಸ್ತೀರಿ?”

“ಅಂಗಳದಾಗ. ಗ್ವಾಡಿ ಒಳಗ.”

“ನಮ್ಮ ಮಂದಿ ಒಳಗ ಬಂದು ತುಂಬಬಹುದೇನ್ರಿ?”

“ಹುಚ್ಚ ಇದ್ದೀ ಏನು? ಗೇಟಿನ ಹೊರಗ ಕೊಡ ಇಟ್ಟು ಕೂಡ್ರಲಿ. ಯಾರಾದ್ರೂ ಹಾಕ್ತಾರ.”

ಹವಾಲ್ದಾರರು ಕೆಳಗಿನ ರಸ್ತೆಯ ಕಡೆ ಒಮ್ಮೆ ನೋಡಿದರಂತೆ. ಆಮೇಲೆ ಅಂದರು: “ಆತ್ರಿ. ಕೈ ನಿಮ್ಮದು.”

ಏಪ್ರಿಲ್ ಹತ್ತು. ಬಿಸಿಲು ಹೆಂಚಿನ ಮೇಲೆ ರೊಟ್ಟಿ ಸುಡುವಂಥದು. ದಪ್ಪ ಉಣ್ಣೆಯ ಕೋಟು, ಒಳಗೆ ಕಂಬಳಿ, ಎರಡು ಮೈ. ಶಾಬುದ್ದೀನ ಏಳು ಗುಂಡಿ ಹಾಕಿ, ನಡುವಿಗೆ ಪಟ್ಟಾ ಬಿಗಿದ. ಬಲತೋಳಿನಿಂದ ರಾಯರ ಕೈ ಹೊರಬಂತು, ಬೆರಳಲ್ಲಿ ಪವಿತ್ರದುಂಗುರ. ತೆಗೆಯಲು ಸಮಯವಿರಲಿಲ್ಲ. ಅಂಗಳದ ನಡುವೆ ಗೂಟ ಹೊಡೆಯುವ ಜಾಗಕ್ಕೆ ರಂಗೋಲಿ ಹಾಕಿತ್ತು.

ಸಾಹೇಬ ಬಂದ. ಕೈ ಸಲಾಮು ಹೊಡೆಯಿತು, ಅಧ್ಯಕ್ಷರ ಹಣೆಗೆ ಬಡಿಯುವ ಬದಲು ಕಿವಿಗೆ ಬಡಿಯಿತು. ಸಾಹೇಬ ಅದನ್ನು ಹಿಡಿದು ಕುಲುಕಿದ. ಪುಸ್ತಕ ಮುಂದಿಟ್ಟ. ಕೈ ತಡಕಾಡಿ ಟಾಕು ಹಿಡಿದು ಎರಡು ಸುರುಳಿಯ ಸಹಿ ಹಾಕಿತು, ಒಂದು ಸುರುಳಿ ಪುಸ್ತಕದ ಮೇಲೆ, ಇನ್ನೊಂದು ಟೇಬಲಿನ ಅರಿವೆಯ ಮೇಲೆ. ಹವಾಲ್ದಾರರು ನೆಟ್ಟಗೆ ಎದುರು ನೋಡುತ್ತಿದ್ದರು. ಸಹಿ ಮಾಡುವಾಗ ಪುಸ್ತಕ ನೋಡದ ಮನುಷ್ಯನನ್ನು ಕಂಡು ಸಾಹೇಬ “ಶಾಬಾಶ್” ಅಂದ.

“ನಳ ಕಿಧರ್?” ಎಂದು ಸಾಹೇಬ ಕೇಳಿದ.

ಕೈ ಎದ್ದು ರಂಗೋಲಿಯ ಕಡೆ ತೋರಿಸಿತು.

“ಅಲ್ಲಲ್ಲ ಹುಜೂರ್,” ಎಂದಿತು ಬಾಯಿ. “ಹೊರಗ. ರಸ್ತಾದ ಕೆಳಗ.”

ಕೈ ರಂಗೋಲಿಯ ಕಡೆ ಇನ್ನೂ ಜೋರಾಗಿ ಚುಚ್ಚಿತು. ಕೋಟಿನ ಹಿಂದಿನಿಂದ ಹಲ್ಲು ಕಡಿದ ದನಿ: “ಏ ಹುಲಗ್ಯಾ! ಏನ್ ಬೊಗಳಲಿಕ್ಕತ್ತೀ?”

“ರಸ್ತಾದ ಕೆಳಗ, ಹುಜೂರ್!”

ಸಾಹೇಬ ಕೈ ನೋಡಿದ, ಬಾಯಿ ನೋಡಿದ. ಒಬ್ಬ ಮನುಷ್ಯನಲ್ಲಿ ಹೀಗೆ ಎರಡು ಅಭಿಪ್ರಾಯಗಳಿರುವುದನ್ನು ಅವನು ಎಲ್ಲೂ ಕಂಡಿರಲಿಕ್ಕಿಲ್ಲ. ಯಾವುದನ್ನು ನಂಬಬೇಕೆಂದು ಹುಬ್ಬು ಗಂಟಿಕ್ಕಿ, ಕೊನೆಗೆ ಗೂಟ ಹಿಡಿದು ರಂಗೋಲಿಯತ್ತ ಒಂದು ಹೆಜ್ಜೆ ಇಟ್ಟ. ಕೈಯೇ ಗೆದ್ದಿತ್ತು.

ಆಗ ಹವಾಲ್ದಾರರಿಗೆ ನೆನಪಾಯಿತು: ಕೈ ರಾಯರದಿರಬಹುದು, ಮುಂದಿನ ಎರಡು ಕಾಲು ತಮ್ಮವು. ಎದೆ ಉಬ್ಬಿಸಿ, ಬಸ್ರಾದ ಮರಳಲ್ಲಿ ಒದರಿದಂತೆ ಒದರಿದರು:

“ಪಾರ್ಟೀ! ಕ್ವಿಕ್ ಮಾರ್ಚ್!”

ಮುದಿ ಸಿಪಾಯಿಗಳ ತಲೆ ಏನನ್ನುತ್ತದೆಯೋ ಯಾರಿಗೆ ಗೊತ್ತು, ಕಾಲು ಮಾತ್ರ ಹುಕುಂ ಬಂದರೆ ನಡೆಯುತ್ತವೆ. ಎರಡು ಸಾಲಿನಲ್ಲಿದ್ದ ಅಷ್ಟೂ ಮಂದಿ ಧಡಧಡ ಹೆಜ್ಜೆ ಹಾಕಿದರು. ಹವಾಲ್ದಾರರು ಎಲ್ಲರ ಮುಂದೆ. ಏಳು ಗುಂಡಿ, ಮೇಲೆ ಪಟ್ಟಾ. ಪರದೆ ಹರಿದು, ಹೊಸ್ತಿಲು ದಾಟಿ, ರಾಯರು ಹಿಂದಿನ ಎರಡು ಕಾಲುಗಳಾಗಿ ಹೊರಬಂದರು. ಗುಮಾಸ್ತರಿಗೆ ಕವಾಯತು ಗೊತ್ತಿಲ್ಲ. ಮುಂದಿನ ಎಡಗಾಲು ಎದ್ದಾಗ ಹಿಂದಿನ ಬಲಗಾಲು ಏಳುತ್ತಿತ್ತು.

“ಎಡಗಾಲು ರಾಯರ, ಎಡಗಾಲು,” ಎಂದು ಹವಾಲ್ದಾರರು ತುಟಿ ಅಲುಗಿಸದೆ ಹೇಳುತ್ತ ನಡೆದರು.

“ಬಿಡೋ ನನ್ನ! ಕೇರಿಗೆ ಒಯ್ಯಬ್ಯಾಡೋ! ನಿನ್ನ ಕಾಲು...” ಎಂದು ಶುರುಮಾಡಿದ ರಾಯರು ಅದೆಂಥ ಮಾತು ಬಾಯಿಗೆ ಬರುತ್ತಿದೆಯೆಂದು ತಿಳಿದು ಅಲ್ಲೇ ನಿಲ್ಲಿಸಿದರು.

ಸಾಹೇಬ ಹಿಂದೆಯೇ ಬಂದ. ನಾಲ್ಕು ಕಾಲಿನ ಅಧ್ಯಕ್ಷರು ಅವನಿಗೆ ಕಾಣಲಿಲ್ಲವೇ ಎಂದು ಕೇಳಬೇಡಿ. ಊರ ಹೊರಗೆ ನಾಲ್ಕು ನೂರು ಜನ ಬಾವಿಯಿಂದ ಹತ್ತು ಮಾರು ದೂರ ಕೂತದ್ದೇ ಕಾಣದ ಸರಕಾರಕ್ಕೆ ಎರಡು ಕಾಲು ಹೆಚ್ಚಾದದ್ದು ಎಲ್ಲಿ ಕಾಣಬೇಕು?

ಕೇರಿಯ ಬಾಯಿಗೆ ಬಂದಾಗ ಹವಾಲ್ದಾರರು “ಹಾಲ್ಟ್!” ಅಂದರು. ಮುದಕವ್ವ ಖಾಲಿ ಕೊಡ ಟೊಂಕದಲ್ಲಿಟ್ಟು ಬಾಯಿ ತೆರೆದು ನಿಂತಿದ್ದಳು.

“ಇಲ್ಲಿ, ಹುಜೂರ್.”

ಸಾಹೇಬ ಗೂಟವನ್ನು ಅಧ್ಯಕ್ಷರ ಬಲಗೈಗೆ ಕೊಡಹೋದ. ಆ ನೆಲದ ಗೂಟ ಮುಟ್ಟುವುದೆಂದರೆ? ಕೈ ಸರ್ರನೆ ತೋಳಿನೊಳಗೆ ಹೊಕ್ಕಿತು. ತೋಳು ಜೋತುಬಿತ್ತು, ಹದಿನೇಳು ವರ್ಷದಿಂದ ಹೇಗೆ ಜೋತುಬಿದ್ದಿತ್ತೋ ಹಾಗೆ. ಸಾಹೇಬ ಆ ಖಾಲಿ ತೋಳನ್ನು ನೋಡುತ್ತ ನಿಂತ. ಹವಾಲ್ದಾರರು ಎಡಗೈ ಎತ್ತಿ ಸಲಾಮು ಮಾಡಿದರು. ಅದೇ ಎಡಗೈಯಿಂದ ಗೂಟ ಇಸಿದುಕೊಂಡು ನೆಲಕ್ಕೆ ನೆಟ್ಟು ಹಿಡಿದರು.

“ಹೊಡೀರಿ, ಹುಜೂರ್.”

ಸಾಹೇಬ ಸುತ್ತಿಗೆ ಎತ್ತಿದ. ಮೂರು ಪೆಟ್ಟಿಗೆ ಗೂಟ ಕೂತಿತು. ಮೋಟಾರು ಹತ್ತಿ ಹೋದ.

ರಾಯರು ಮೂರು ಸಲ ಸ್ನಾನ ಮಾಡಿ, ಪಂಚಗವ್ಯ ಕುಡಿದು, ಮರುದಿನವೇ ಪುಣೆಗೆ ಬರೆದರು: ಅಧ್ಯಕ್ಷರು ಇಲ್ಲದ ಕೈಯನ್ನು ಇದೆಯೆಂದು ತೋರಿಸಿ ಸರಕಾರಕ್ಕೆ ಮೋಸ ಮಾಡಿದ್ದಾರೆ. ಆ ಕೈ ಯಾರದೆಂದು ಬರೆಯಲಿಲ್ಲ. ಕೆಳಗೆ ಅದೇ ಕೈಯಿಂದ ತಮ್ಮ ಸಹಿ. ಎರಡು ತಿಂಗಳಿಗೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಒಂದರಲ್ಲಿ, ಅಂಗಹೀನರೆಂದೂ ಎಡಗೈಯಿಂದ ಸಲಾಮು ಮಾಡಿದರೆಂದೂ ಹುಲಗಪ್ಪನವರನ್ನು ತೆಗೆದುಹಾಕಿತ್ತು. ಇನ್ನೊಂದರಲ್ಲಿ, ಸಾಹೇಬರು ಗೂಟ ಹೊಡೆದ ಜಾಗದಲ್ಲೇ ನಳ ಹಾಕಬೇಕೆಂದು ಮುನಸಿಪಾಲಿಟಿಗೆ ಕೊಟ್ಟ ಹುಕುಮಿನ ನಕಲು. ಹಲಗೆಗೆ ಸುಣ್ಣ ಬಳಿಯುವಾಗ ಇಪ್ಪತ್ತೊಂದು ಮಂದಿಯಲ್ಲಿ ಶಾಬುದ್ದೀನನೊಬ್ಬ ಬೇಡವೆಂದನಂತೆ. ಉಳಿದವರು ಸುಣ್ಣದ ಡಬ್ಬಿ ಹಿಡಿದಿದ್ದರು. ಇವರು ದೇಶಕ್ಕಾಗಿ ಹೋರಾಡಿದ ವೀರರು!

ನಳ ಬಂದ ದಿನ ಕೇರಿಯೆಲ್ಲ ಕೂಡಿತ್ತು. ಮೊದಲ ನೀರು ಹವಾಲ್ದಾರರೇ ಹಿಡಿಯಲಿ ಎಂದರು. ಆದರೆ ಅದು ಒತ್ತಿ ಹಿಡಿದರಷ್ಟೇ ನೀರು ಬಿಡುವ ನಳ. ಒಂದು ಕೈಯಿಂದ ಒತ್ತಬೇಕು, ಇನ್ನೊಂದರಿಂದ ಕೊಡ ಹಿಡಿಯಬೇಕು. ಹವಾಲ್ದಾರರು ಎಡಗೈಯಿಂದ ನಳ ಒತ್ತಿದರು, ಮುದಕವ್ವ ಕೊಡ ಹಿಡಿದಳು.

“ನಳ ಬಂದ್ರ ಕೈ ವಾಪಸ್ ಕರಸ್ತೇನಿ ಅಂತಿದ್ರಿ. ಎಲ್ಲೈತಿ?” ಎಂದಳು.

“ರಜಾ ಸಿಕ್ಕಿಲ್ಲಂತ,” ಎಂದರು ಹವಾಲ್ದಾರರು. “ಕೊಡ ನೆಟ್ಟಗ ಹಿಡಿ, ನೀರು ಚೆಲ್ಲಾಕತ್ತೈತಿ.”