ಎಕ್‌ಹಾರ್ಟ್ ಕೈ ಎತ್ತದ ಸಭೆ

ಎಕ್‌ಹಾರ್ಟ್ ನೆಸ್ಟ್ಲರನಿಗೆ ರೂಬಾರ್ಬ್ ದಂಟಿನ ಕೇಕು ಕಂಡರೆ ಆಗದು. ಆ ಹುಳಿಗೆ ಹಲ್ಲು ಚುಳುಕ್ಕೆನ್ನುತ್ತದೆ, ಎದೆ ಉರಿಯುತ್ತದೆ. ಆದರೂ ಎಂದೋ ಒಮ್ಮೆ ಪಕ್ಕದ ತೋಟದ ಅಜ್ಜಿಯ ಮುಖ ನೋಡಿ ‘ಬಹಳ ಚೆನ್ನಾಗಿದೆ’ ಎಂದುಬಿಟ್ಟ. ಅಲ್ಲಿಂದಾಚೆ ಪ್ರತಿ ಮೇ ತಿಂಗಳು ಮೂರು ಮನೆಗಳಿಂದ ಅದೇ ಕೇಕು ಬರುತ್ತದೆ. ಯಾರಾದರೊಬ್ಬರ ಮುಖ ಸಣ್ಣದಾಗುವುದನ್ನು ನೋಡುವುದಕ್ಕಿಂತ ಹೊಟ್ಟೆ ಕೆಡುವುದೇ ವಾಸಿ ಎಂದು ಮೂರನ್ನೂ ತಿನ್ನುತ್ತಾನೆ. ಆಮೇಲೆ ತಟ್ಟೆಗಳನ್ನು ತೊಳೆದು ಹಿಂದಿರುಗಿಸಿ, ಮಾತ್ರೆ ನುಂಗಿ ಮಲಗುತ್ತಾನೆ.

ಇಂಥವನ ಕೈಗೆ ತೋಟಗಾರರ ಸಂಘದ ಕಾರ್ಯದರ್ಶಿ ಪದವಿ ಸಿಕ್ಕಿದ್ದು ಹದಿನೆಂಟು ವರ್ಷದ ಹಿಂದೆ, ಅವನಿನ್ನೂ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗ. ರೈಲು ಹಳಿಯ ಪಕ್ಕದಲ್ಲಿ ಪೇಟೆಯವರು ಸಂಘದಿಂದ ಬಾಡಿಗೆಗೆ ಹಿಡಿದ ಅರವತ್ತೆರಡು ತುಂಡು ತೋಟ, ಒಂದೊಂದಕ್ಕೂ ಒಂದು ಮರದ ಗುಡಿಸಲು, ಸುತ್ತ ಹಸಿರು ಬೇಲಿ. ಅವತ್ತು ಸಭೆಯಲ್ಲಿ ಅಧ್ಯಕ್ಷ ಲೋರೆಂಟ್ಸ್ “ಕಾರ್ಯದರ್ಶಿ ಯಾರಾಗ್ತೀರಿ?” ಎಂದು ಕೇಳಿದ್ದೇ ತಡ, ಎಲ್ಲರಿಗೂ ತಮ್ಮ ತಮ್ಮ ಬಿಯರ್ ಲೋಟದಲ್ಲಿ ಏನೋ ವಿಶೇಷ ಕಂಡಿತು. ಒಬ್ಬ ಕೆಮ್ಮಿದ. ಇನ್ನೊಬ್ಬಳು ಕೈಚೀಲದಲ್ಲಿ ಕನ್ನಡಕ ಹುಡುಕತೊಡಗಿದಳು. ಬೇರೆಯವರ ಮುಜುಗರವನ್ನು ಎಕ್‌ಹಾರ್ಟ್ ಅರ್ಧ ನಿಮಿಷವೂ ತಾಳಲಾರ. ಕೈ ತಾನಾಗಿ ಮೇಲೆದ್ದಿತು. ಎರಡು ವರ್ಷಕ್ಕೊಮ್ಮೆ ಚುನಾವಣೆ, ಎರಡು ವರ್ಷಕ್ಕೊಮ್ಮೆ ಅದೇ ಕೆಮ್ಮು, ಅದೇ ಕೈ.

ಬೇಲಿ ಒಂದೂಕಾಲು ಮೀಟರಿಗಿಂತ ಎತ್ತರ ಬೆಳೆಯಬಾರದು, ನೆಲದ ಮೂರನೇ ಒಂದು ಪಾಲಿನಲ್ಲಿ ತರಕಾರಿ ಇರಲೇಬೇಕು ಎಂಬುದು ಸಂಘದ ಕಾನೂನು. ತಪ್ಪಿದವರಿಗೆ ಕಾರ್ಯದರ್ಶಿ ನೋಟಿಸು ಬರೆಯಬೇಕು. ನೋಟಿಸು ಓದಿದವರಿಗೆ ಬೇಜಾರಾಗುವುದಿಲ್ಲವೇ? ಅದಕ್ಕೆ ಎಕ್‌ಹಾರ್ಟ್ ಒಂದು ಉಪಾಯ ಮಾಡಿದ. ಬೆಳಿಗ್ಗೆ ಐದಕ್ಕೆ ಕತ್ತರಿ ಹಿಡಿದು ಬಂದು, ಎತ್ತರವಾದ ಬೇಲಿಗಳನ್ನೆಲ್ಲ ತಾನೇ ಸವರಿ, ಉದುರಿದ ಎಲೆಯನ್ನೂ ಗುಡಿಸಿಕೊಂಡು ಹೋಗುತ್ತಿದ್ದ. ಬರೀ ಹುಲ್ಲು ಬೆಳೆಸಿದವರ ಮೂಲೆಯಲ್ಲಿ ಒಂದು ಸಾಲು ಆಲೂಗಡ್ಡೆ ನೆಟ್ಟು ಬರುತ್ತಿದ್ದ. ಹೀಗೆ ಊರಿನ ಬೇಲಿಯೆಲ್ಲ ನೋಡಿಕೊಳ್ಳುವಷ್ಟರಲ್ಲಿ ಅವನ ತೋಟ ಕಾಡಾಯಿತು. ಕೊನೆಗೆ ಆ ಮಹಾರಾಯ ಒಂದೇ ಒಂದು ನೋಟಿಸು ಬರೆದ, ಅದೂ ತನಗೆ ತಾನೇ, ಅಂಚೆಚೀಟಿ ಹಚ್ಚಿ.

ನಗುವವರು ನಗಲಿ. ಆದರೆ ಅವನಿಗೂ ಒಂದು ಆಸೆಯಿತ್ತು. ಉತ್ತರದ ಕಡಲತೀರದ ಊರಿನಲ್ಲಿ ಅವನ ಅಕ್ಕ ಟ್ರೌಡೆಲ್ ಇದ್ದಾಳೆ. ಏಳು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡ. ‘ಒಂದು ಕೋಣೆ ಖಾಲಿಯಿದೆ, ಕಿಟಕಿಯಿಂದ ದೋಣಿಗಳು ಕಾಣುತ್ತವೆ, ಬಂದುಬಿಡು, ಇಬ್ಬರೂ ಜೊತೆಗಿರೋಣ’ ಎಂದು ಅವಳು ಅಂದೇ ಹೇಳಿದ್ದಳು. ಎಕ್‌ಹಾರ್ಟ್ ಮದುವೆಯಾದವನಲ್ಲ. ರಾತ್ರಿ ಬ್ರೆಡ್ಡು, ಸಾಸೇಜು ಮುಂದಿಟ್ಟುಕೊಂಡು ರೇಡಿಯೋದ ಜೊತೆ ಊಟ ಮಾಡಿ ಮಾಡಿ ಅವನಿಗೆ ಸಾಕಾಗಿತ್ತು. ಎದುರಿಗೆ ಒಂದು ಜೀವ ಕುಳಿತಿರಬೇಕು, ಉಪ್ಪು ಇತ್ತ ಕೊಡು ಎನ್ನಬೇಕು, ಅಷ್ಟೇ ಅವನು ಬದುಕಿನಿಂದ ಬಯಸಿದ್ದು. ಆದರೆ ಚುನಾವಣೆ ಬಂತು, ಎಲ್ಲರೂ ಲೋಟ ನೋಡಿದರು, ಇವನು ಕೈ ಎತ್ತಿದ. ‘ಈ ಎರಡು ವರ್ಷ ಮುಗಿಯಲಿ, ಟ್ರೌಡೆಲ್.’ ಹೀಗೆ ಮೂರು ಸಲ ಆಯಿತು.

ಈ ಮಾರ್ಚಿನಲ್ಲಿ ಮತ್ತೆ ಚುನಾವಣೆ. ಅವನಿಗೆ ಅರವತ್ತಾರು, ಅಕ್ಕನಿಗೆ ಎಪ್ಪತ್ತೊಂದು. ಕ್ರಿಸ್‌ಮಸ್ಸಿನಲ್ಲಿ ಫೋನಿನಲ್ಲಿ ಅವಳು “ಬಾರೋ ಎಕ್ಕಿ, ಕೋಣೆ ಎಲ್ಲಿಗೂ ಓಡಿಹೋಗಲ್ಲ” ಅಂದಿದ್ದಳು. ಇನ್ನು ತಡಮಾಡಿದರೆ ಹೋಗುವುದು ಅವಳ ಮಣ್ಣಿಗೇ ಎಂದು ಅವನಿಗೂ ಅನ್ನಿಸಿತು. ಇಡೀ ಚಳಿಗಾಲ, ಕಿಟಕಿಯಲ್ಲಿಟ್ಟ ಟೊಮೇಟೊ ಸಸಿಗಳ ಮುಂದೆ ನಿಂತು ‘ಈ ಸಲ ನಾನಿಲ್ಲ’ ಎಂದು ಬಾಯಿಪಾಠ ಮಾಡಿದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಸಂಘದ ಮನೆಯಲ್ಲಿ ಆಲೂಗಡ್ಡೆ ಸಲಾಡಿನ ವಾಸನೆ, ಒದ್ದೆ ಕೋಟುಗಳ ವಾಸನೆ. ಲೋರೆಂಟ್ಸ್ ಕಾರ್ಯದರ್ಶಿ ಎಂಬ ಸಾಲಿಗೆ ಬರುವಷ್ಟರಲ್ಲಿ ಪೆನ್ನು ತೆಗೆದು ಎಕ್‌ಹಾರ್ಟನ ಹೆಸರು ಅರ್ಧ ಬರೆದೂ ಆಗಿತ್ತು.

“ಕಾರ್ಯದರ್ಶಿ... ಕೇಳೋದೇನಿದೆ, ನಮ್ಮ ಎಕ್‌ಹಾರ್ಟೇ...”

“ಈ ಸಲ ನಾನಿಲ್ಲ.”

ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಲೋರೆಂಟ್ಸ್ ಕನ್ನಡಕ ಹಣೆಗೇರಿಸಿದ.

“ಏನಂದೆ?”

“ಅಕ್ಕನ ಊರಿಗೆ ಹೋಗ್ತಿದೀನಿ. ನನ್ನ ಕೈಲಾಗಲ್ಲ.”

“ಅಯ್ಯೋ, ಏನಪ್ಪಾ ಇದು? ನಡುನೀರಲ್ಲಿ ಕೈಬಿಡ್ತೀಯಲ್ಲ! ಕಾರ್ಯದರ್ಶಿ ಇಲ್ದೆ ಸಂಘ ನಡೆಯುತ್ತೇನಪ್ಪಾ? ಬಾಗಿಲು ಹಾಕ್ಬೇಕಾಗುತ್ತೆ ಅಷ್ಟೇ. ಸರಿ, ಯಾರು ಮಾಡ್ತೀರಿ ಹೇಳಿ.”

ಮತ್ತೆ ಆ ಮೌನ. ಯಾರೋ ಕೆಮ್ಮಿದರು. ಎಕ್‌ಹಾರ್ಟ್ ಕೈ ಏಳದಿರಲೆಂದು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕುಳಿತ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಅರ್ಧ ನಿಮಿಷವನ್ನು ದಾಟಿ ಹೋದ. ಆಚೆ ಏನಿದೆಯೆಂದು ಅವನು ಎಂದೂ ನೋಡಿರಲಿಲ್ಲ.

“ನಾನು ಮಾಡ್ತೀನಿ ಬಿಡಿ,” ಅಂದಳು ಮೂವತ್ತೊಂದನೇ ತೋಟದ ಸಿಲ್ಕೆ. ಅಂಚೆ ಹಂಚುವ ಕೆಲಸದವಳು, ನಲವತ್ತರ ಹೆಂಗಸು.

ಚಪ್ಪಾಳೆ, ಹೆಸರು ಬರೆದದ್ದು, ಎಲ್ಲ ಒಂದೇ ನಿಮಿಷದಲ್ಲಿ ಮುಗಿದುಹೋಯಿತು. ಲೋರೆಂಟ್ಸ್ ಗೊಬ್ಬರದ ವಿಷಯಕ್ಕೆ ಹೋದ.

ಸಭೆ ಮುಗಿದ ಮೇಲೆ ಎಕ್‌ಹಾರ್ಟ್ ಕೀಲಿ ಗೊಂಚಲು ಕೊಡಲು ಸಿಲ್ಕೆಯ ಬಳಿ ಹೋದ. “ನಿಮಗೆ ತೊಂದ್ರೆ ಕೊಟ್ಟೆನೇನೋ,” ಅಂದ, ಅಭ್ಯಾಸಬಲ.

“ತೊಂದ್ರೆ ಏನು ಬಂತು? ಮೂರು ಚುನಾವಣೆಯಿಂದ ಕಾಯ್ತಿದೀನಿ. ಅವ್ರು ಕೇಳಿ ಮುಗ್ಸೋ ಮೊದ್ಲೇ ನಿಮ್ಮ ಕೈ ಮೇಲಿರ್ತಿತ್ತು. ನಿಮಗೆ ಆ ಕುರ್ಚಿ ಅಂದ್ರೆ ಪ್ರಾಣ ಅಂದ್ಕೊಂಡು ಸುಮ್ನಿದ್ದೆ.” ಕೀಲಿಗಳನ್ನು ಜೇಬಿಗಿಳಿಸಿ, ಸ್ವಲ್ಪ ತಡೆದು, “ಇನ್ನೊಂದು ಮಾತು. ನಮ್ಮಪ್ಪನ ಬೇಲಿ ನೀವು ಸವರಬಾರ್ದಿತ್ತು. ಬೇಲಿ ಕತ್ತರಿಸೋ ಶಕ್ತಿನೂ ಇಲ್ದಿರೋ ಮುದುಕ ನಾನು ಅಂತ ಎಲ್ರಿಗೂ ತೋರಿಸಿಬಿಟ್ಟ ಅಂತ ಬಹಳ ನೊಂದ್ಕೊಂಡ್ರು. ಆಮೇಲೆ ತೋಟದ ಕಡೆ ತಲೆ ಹಾಕಲೇ ಇಲ್ಲ, ಸಾಯೋವರೆಗೂ.”

ಎಕ್‌ಹಾರ್ಟ್ ಹೊರಬಂದು ಲೆಕ್ಕ ಹಾಕಿದ. ಮೂರು ಚುನಾವಣೆಯೆಂದರೆ ಆರು ವರ್ಷ. ಅದರಲ್ಲಿ ಒಂದು ಸಲ, ಒಂದೇ ಒಂದು ಸಲ ಅರ್ಧ ನಿಮಿಷ ಹಲ್ಲು ಕಚ್ಚಿ ಕುಳಿತಿದ್ದರೂ ಅವನು ಕಡಲತೀರದಲ್ಲಿರುತ್ತಿದ್ದ.

ತನ್ನ ತೋಟದ ಗುಡಿಸಲಿಗೆ ಬಂದು, ಕೋಟೂ ಬಿಚ್ಚದೆ ಅಕ್ಕನಿಗೆ ಫೋನ್ ಮಾಡಿದ.

“ಟ್ರೌಡೆಲ್, ಬಿಟ್ಟುಬಿಟ್ಟೆ ಕಣೆ! ಆಗಲ್ಲ ಅಂದೆ, ಎಲ್ರ ಮುಂದೆ. ಈಸ್ಟರ್‌ಗೆ ಮೊದ್ಲೇ ಬರ್ತೀನಿ.”





“ಈಗಲಾ ಎಕ್ಕಿ... ಈಗ ಬರ್ತೀಯಾ?”

“ಯಾಕೆ, ಏನಾಯ್ತು?”

“ಗಿಟ್ಟಾ ಇದಾಳಲ್ಲ, ನನ್ನ ಹಳೇ ಗೆಳತಿ, ಅವಳ ಮನೆ ಮಾರಿಹೋಯ್ತು. ನವೆಂಬರಿಂದ ಆ ಕೋಣೆಯಲ್ಲಿದಾಳೆ. ಇಬ್ರೂ ಹೊಂದ್ಕೊಂಡಿದೀವಿ. ಸಾಯಂಕಾಲ ಇಸ್ಪೀಟಾಡ್ತೀವಿ.”

“ಕ್ರಿಸ್‌ಮಸ್‌ನಲ್ಲಿ ಬಾ ಅಂದೆಯಲ್ಲೇ?”

“ಬಾ ಅನ್ನದಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಅಂದೆ. ನೀನು ಹೇಗೂ ಬರೋನಲ್ಲ ಅಂತ ಗೊತ್ತಿತ್ತಲ್ಲ.”

ಒಂದೇ ತಾಯಿಯ ಮಕ್ಕಳು. ದಾಕ್ಷಿಣ್ಯ ಇಬ್ಬರಿಗೂ ಸಮಪಾಲಾಗಿ ಬಂದಿತ್ತೆಂದು ಅರವತ್ತಾರು ವರ್ಷ ಅವನಿಗೆ ಹೊಳೆದಿರಲಿಲ್ಲ.

“ಬೇಜಾರೇನಿಲ್ಲ ತಾನೇ, ಎಕ್ಕಿ?”

“ಇದೆ,” ಅಂದ. “ತುಂಬಾ ಬೇಜಾರಾಗಿದೆ.”

ಅಕ್ಕನಿಗೆ ಅವನು ಅಂಥ ಮಾತು ಹೇಳಿದ್ದು ಅದೇ ಮೊದಲು. ಅವಳು ಬಿಕ್ಕತೊಡಗಿದಳು. “ನಾನೇನ್ ಮಾಡ್ಲಿ ಹೇಳು. ಗಿಟ್ಟಾಗೆ ಹೋಗು ಅನ್ಲಾ? ನೀನು ಹೇಳು, ಅಂದುಬಿಡ್ತೀನಿ. ಇವತ್ತೇ ಅಂದುಬಿಡ್ತೀನಿ.”

ಅಂದೇ ಬಿಡುತ್ತಾಳೆ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನಸ್ಸು ಒಪ್ಪದಿದ್ದರೂ, ಗೆಳತಿಯನ್ನು ಕಳಿಸಿ, ಕೋಣೆ ಗುಡಿಸಿ, ಅವನೆದುರು ಕುಳಿತು, ನಗುನಗುತ್ತಾ ಉಪ್ಪು ಕೊಡುತ್ತಾಳೆ. ಆ ನಗು ಎಂಥದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಹೂಂ ಅನ್ನಬೇಕು ಎಂದು ಅವನ ಜೀವವೆಲ್ಲ ಕೂಗಿತು.

“ಬೇಡ,” ಅಂದ. “ಗಿಟ್ಟಾ ಇರ್ಲಿ. ನಾನು ಬರಲ್ಲ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ದನಿ ಹಗುರಾಯಿತು. ಅಲ್ಲಿಯ ಗಾಳಿ, ಮಳೆ, ಗಿಟ್ಟಾಳ ಮಂಡಿನೋವು ಎಲ್ಲ ಹೇಳಿದಳು. ಅವನು ಫೋನು ಕಿವಿಗೊತ್ತಿಕೊಂಡು, ಅವಳು ಮುಗಿಸುವವರೆಗೂ ಕೇಳಿದ.