ಬಾಗಿ ನಿಂತ ಪುರಭವನ

“ಡಿಗ್ರಿಯಾ? ನಿನ್ನಿಂದ ಆಗ್ಲಿಕ್ಕಿಲ್ಲ. ಕೂತಲ್ಲಿ ಕೂರುವ ಜನವಾ ನೀನು?” ಹೀಗೆಂದವರು ಇಲ್ಲಿ ಗಲ್ಫಿನಲ್ಲಿ, ಮಿರ್ಕಾಬಿನ ನಮ್ಮ ಮಾಡೆಲ್ ವರ್ಕ್‌ಶಾಪಿನ ಹಿರಿಯ ಕೆಲಸಗಾರ, ಉಳ್ಳಾಲದ ಬ್ಯಾರಿ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಈ ವಾರ ಹೊಸ ಅಂಟಿನ ಡಬ್ಬ ತೆರೆದಾಗ ಮೂಗಿಗೆ ಬಡಿದ ಘಾಟಿಗೆ, ಅವರು ಬೆನ್ನ ಹಿಂದೆಯೇ ನಿಂತಿದ್ದಾರೆನಿಸಿ ತಿರುಗಿ ನೋಡಿದೆ...

ನಾವು ಕಟ್ಟಡಗಳ ಪುಟ್ಟ ಮಾದರಿ ಮಾಡುವವರು. ಗಾಜಿನ ಗೋಪುರಗಳೇ ಹೆಚ್ಚು. ಕಾಕಾ ಹಾಗೆಂದ ವರ್ಷ ಒಬ್ಬ ಜರ್ಮನ್ ಎಂಜಿನಿಯರ್ ತನ್ನೂರಿನ ಹಳೆಯ ಪುರಭವನದ ಮಾದರಿ ಬೇಕೆಂದ. ಕೆಳಗೆ ಕಲ್ಲಿನ ಕಮಾನುಗಳು, ಅವುಗಳಡಿ ಒಂದು ಕಾಲದ ಸಂತೆ. ಮೇಲೆ ಮರದ ಚೌಕಟ್ಟಿನ ಎರಡು ಅಂತಸ್ತು, ಒಂದಕ್ಕಿಂತ ಒಂದು ಬೀದಿಗೆ ಚಾಚಿದ್ದು. ದೂರಶಿಕ್ಷಣದಲ್ಲಿ ಇತಿಹಾಸ ಓದುತ್ತಿದ್ದ ನಾನು ಕೊನೆಯ ವರ್ಷದ ಪ್ರಬಂಧಕ್ಕೂ ಅದನ್ನೇ ಹಿಡಿದೆ. ಪಾಸಾದರೆ ನಮ್ಮ ಮನೆಯ ಮೊದಲ ಪದವೀಧರ ನಾನು.

ನಕ್ಷೆಯಲ್ಲಿ ಗೋಡೆಗಳು ವಾಲಿದ್ದವು. ಸ್ಕ್ಯಾನ್ ಓರೆಯಾಗಿದೆ ಎಂದುಕೊಂಡು ಎಲ್ಲವನ್ನೂ ನೆಟ್ಟಗೆ ಅಂಟಿಸಿಬಿಟ್ಟೆ. ಗೋಪುರ ಮಾಡಿ ಮಾಡಿ ಬಂದ ಚಾಳಿ. ಕಾಕಾ ಎಂಜಿನಿಯರ್ ಕೊಟ್ಟ ಫೋಟೋವನ್ನು ಪಕ್ಕದಲ್ಲಿಟ್ಟರು.

“ಎಂಥ ಮಾರಾಯ, ನೂರಾರು ವರ್ಷ ನಿಂತ ಮರ ಬಗ್ಗದೆ ಇರ್ತದಾ? ನಿನ್ನೆ ಕಟ್ಟಿದ ಹಾಗೆ ಮಾಡಿದ್ದೀಯಲ್ಲ! ಇತಿಹಾಸ ಓದುವುದು ಇದೇ ಕಣ್ಣಲ್ಲಿಯಾ?”

ಮಾದರಿಯನ್ನು ಕಿತ್ತೇ ಬಿಟ್ಟರು. ನನಗೆ ಮೈ ಉರಿದುಹೋಯಿತು. ಬಸ್ಸಿನಲ್ಲಿ ಪ್ರಬಂಧ ತಿರುವಿದರೆ ಅಲ್ಲೂ ಅದೇ ತಪ್ಪು. ಕಟ್ಟಿಸಿದವರು ಯಾರು, ಬೆಂಕಿ ಬಿದ್ದದ್ದು, ಮತ್ತೆ ಕಟ್ಟಿಸಿದ್ದು... ಬೆಂಕಿಯ ನಂತರ ಹೊರಿಸಿದ ಕಲ್ಲುಹಲಗೆಯ ಮಾಡಿನ ಭಾರಕ್ಕೆ ತೊಲೆಗಳು ಬಾಗಿದ್ದರ ಬಗ್ಗೆ ಒಂದು ಸಾಲೂ ಇಲ್ಲ.

ಕಳಿಸಲು ಆರು ದಿನ ಉಳಿದಿತ್ತು. ಮೊದಲಿನಿಂದ ಬರೆದೆ. ಊಟದ ಬಿಡುವಿನಲ್ಲಿ ಚಡಪಡಿಸಿ ಎದ್ದರೆ ಕಾಕಾ ಗದರುತ್ತಿದ್ದರು: “ಯಲ್ಲಾ, ಬೇಗ ಬೇಗ ಬರಿ! ಚಾಯ ನಾನು ತರ್ತೇನೆ.” ನನ್ನ ಪಾಲಿನ ತೊಲೆಗಳನ್ನೂ ಅವರೇ ಕೊಯ್ದರು, ಒಂದೊಂದನ್ನೂ ಫೋಟೋ ನೋಡಿ, ಬಾಗಿಸಿ.

ಫಲಿತಾಂಶಕ್ಕೆ ಮೊದಲೇ ಅವರು ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿದು ಊರಿಗೆ ಹೋದರು. ಪಾಸಾದ ದಿನದಿಂದ ಫೋನ್ ಮಾಡಬೇಕು, ನಾಳೆ ಮಾಡಬೇಕು ಎನ್ನುತ್ತಲೇ ಇದ್ದೆ... ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಇಲ್ಲಿ ನಾನಿರುವುದು ಅಕ್ಕ-ಭಾವನ ಮನೆಯಲ್ಲಿ. ಮೊನ್ನೆ ಶುಕ್ರವಾರ, ರಜೆಗೆ ಹೋಗಿದ್ದ ಭಾವ ಊರಿನಿಂದ ನನ್ನ ಪದವಿಪತ್ರ ತಂದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಅಕ್ಕನ ಕೈಗೆ ಕೊಟ್ಟೆ. ಕಾಕಾನ ಬೈಗುಳಗಳನ್ನೆಲ್ಲ ದಿನಾ ನನ್ನ ಬಾಯಲ್ಲಿ ಕೇಳಿದವಳು ಅವಳು. ಕೈ ಒರೆಸಿಕೊಂಡು ಹಿಡಿದಳು. ತುಂಬ ಹೊತ್ತು ನೋಡಿದಳು.

“ಅವರು ಇದ್ದಿದ್ರೆ ಇದ್ರಲ್ಲೂ ಒಂದು ತಪ್ಪು ಹುಡುಕ್ತಿದ್ರು ಮಾರಾಯ,” ಎಂದಳು.